ಮುನಿಯಪ್ಪನ ಎದುರು ನಿಂತ ಗಾಡಿ

ಆಯುಧಪೂಜೆ ಮುಗಿದ ಮಾರನೆಯ ದಿನದಿಂದ ಒಂದು ವಾರ ನನಗೆ ಕೂತು ಊಟ ಮಾಡಲು ಪುರುಸೊತ್ತು ಇರುವುದಿಲ್ಲ. ಪೂಜೆಯ ದಿನ ಜನ ಗಾಡಿಯ ಎಂಜಿನ್ನಿನೊಳಗೆಲ್ಲ ಪೈಪು ಹಿಡಿದು ನೀರು ಬಿಡುತ್ತಾರೆ. ಮುಂಭಾಗಕ್ಕೆ ಬಾಳೆಕಂದು ಕಟ್ಟಿ, ಸೀರಿಯಲ್ ಲೈಟು ಸುತ್ತಿ, ಆ ಲೈಟಿಗೆ ಬ್ಯಾಟರಿಯಿಂದಲೇ ಒಂದು ವೈರು ಎಳೆಯುತ್ತಾರೆ. ಆಮೇಲೆ ಎಂಜಿನ್ ಆರಿಸಿ, ಹಾಡು ಜೋರಾಗಿ ಹಾಕಿ, ಪುರಿಕಡಲೆ ಹಂಚುತ್ತಾ ನಿಲ್ಲುತ್ತಾರೆ. ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ ಗಾಡಿ ಟಕ್ ಅನ್ನುತ್ತದೆ, ಅಷ್ಟೆ. ಆಗ ಅವರಿಗೆ ನನ್ನ ನೆನಪಾಗುತ್ತದೆ.

ನನ್ನದು ತಮಿಳು ಸೀಮೆಯ ಪಾಪಿರೆಡ್ಡಿಪಟ್ಟಿಯಲ್ಲಿ ಒಂದು ಬ್ಯಾಟರಿ ಅಂಗಡಿ. ಎರಡು ವರ್ಷದ ಹಿಂದಿನವರೆಗೆ ಎಲ್ಲಾದರೂ ಗಾಡಿ ನಿಂತಿದೆ ಎಂದು ಫೋನು ಬಂದರೆ ತುಂಬಿದ ಬ್ಯಾಟರಿಯೊಂದನ್ನು ಮೊಪೆಡ್ಡಿನ ಕಾಲಿನ ಬಳಿ ಇಟ್ಟುಕೊಂಡು, ದಪ್ಪನೆಯ ಕೇಬಲ್ಲನ್ನು ಹೆಗಲಿಗೆ ಸುತ್ತಿಕೊಂಡು ಹೋಗುತ್ತಿದ್ದೆ. ಆಮೇಲೆ ಜಂಪ್ ಸ್ಟಾರ್ಟರ್ ಪೆಟ್ಟಿಗೆ ಬಂತು. ಊಟದ ಡಬ್ಬಿಯಷ್ಟು ದೊಡ್ಡದು, ಒಂದು ಕೈಯಲ್ಲಿ ಹಿಡಿಯಬಹುದು. ಅದರ ಹೊಟ್ಟೆಯಲ್ಲಿ ಲಿಥಿಯಂ, ತಲೆಯ ಮೇಲೆ ಎಷ್ಟು ಚಾರ್ಜು ಉಳಿದಿದೆ ಎಂದು ತೋರಿಸುವ ನಾಲ್ಕು ಚಿಕ್ಕ ದೀಪ, ಮುಂದೆ ಕೆಂಪು ಕಪ್ಪು ಎರಡು ಕ್ಲಿಪ್ಪು. ಇಷ್ಟರಿಂದ ಟ್ರ್ಯಾಕ್ಟರ್ ಎಬ್ಬಿಸಬಹುದು ಎಂದರೆ ಮೊದಲ ಸಲ ನಾನೇ ನಂಬಿರಲಿಲ್ಲ. ನಂಬಿದ ಮೇಲೆ ವಿಪರೀತ ನಂಬಿದೆ. ಬಟ್ಟೆಯ ಚೀಲ ಹೊಲಿಸಿ, ಒಳಗೆ ಹಳೆ ಟವೆಲ್ಲು ಹಾಸಿ, ಮಳೆ ಬಂದರೆ ನನ್ನ ತಲೆಗಿಂತ ಮೊದಲು ಅದಕ್ಕೆ ಪ್ಲಾಸ್ಟಿಕ್ ಹೊದಿಸುತ್ತಿದ್ದೆ. ನನ್ನ ಹೆಂಡತಿ ಅದಕ್ಕೆ 'ನಿಮ್ಮ ಎರಡನೇ ಸಂಸಾರ' ಎಂದು ಹೆಸರಿಟ್ಟಿದ್ದಳು.

ಪೆಟ್ಟಿಗೆಗೆ ಅದರದೇ ನೇಮಗಳಿವೆ. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಹಸಿರು ದೀಪ ಬರುವವರೆಗೆ ಕೀಲಿ ಮುಟ್ಟಬಾರದು. ಸೆಲ್ಫ್ ಹೊಡೆದರೆ ಐದು ಸೆಕೆಂಡು, ಅದಕ್ಕಿಂತ ಹೆಚ್ಚಿಲ್ಲ. ಎಂಜಿನ್ ಹಿಡಿಯದಿದ್ದರೆ ಒಂದು ನಿಮಿಷ ಸುಮ್ಮನಿರಬೇಕು, ಹಿಡಿದರೆ ಕೂಡಲೇ ಕ್ಲಿಪ್ಪು ತೆಗೆಯಬೇಕು. ಕ್ಲಿಪ್ಪುಗಳನ್ನು ಅದಲುಬದಲು ಹಾಕಿದರೆ ಪೆಟ್ಟಿಗೆ ಕೀಂಯ್ ಎಂದು ಕೂಗಿ ಕರೆಂಟು ಕೊಡುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಭಯವಿಲ್ಲ. ಆದರೆ ಪಕ್ಕದಲ್ಲಿ ಬೂಸ್ಟ್ ಎಂಬ ಒಂದು ಗುಂಡಿ ಇದೆ. ಬ್ಯಾಟರಿ ಪೂರ್ತಿ ಸತ್ತು ಎರಡು ವೋಲ್ಟಿಗಿಂತ ಕೆಳಗೆ ಹೋಗಿದ್ದರೆ, ಅಲ್ಲೊಂದು ಬ್ಯಾಟರಿ ಇದೆ ಎಂಬುದೇ ಪೆಟ್ಟಿಗೆಗೆ ತಿಳಿಯುವುದಿಲ್ಲ. ಹಸಿರು ದೀಪವೂ ಇಲ್ಲ, ಕೂಗೂ ಇಲ್ಲ. ಆಗ ಆ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಅರ್ಧ ನಿಮಿಷ ಕಣ್ಣು ಮುಚ್ಚಿಕೊಂಡು ಕರೆಂಟು ಸುರಿಯುತ್ತದೆ. ಆ ಅರ್ಧ ನಿಮಿಷ ಪೆಟ್ಟಿಗೆ ಸರಿ ತಪ್ಪು ನೋಡುವುದಿಲ್ಲ. ನೋಡಬೇಕಾದವನು ಕೈಯಲ್ಲಿ ಹಿಡಿದವನು.

ಪೂಜೆ ಕಳೆದ ನಾಲ್ಕನೆಯ ದಿನ. ಬೆಳಿಗ್ಗೆ ಏಳರಿಂದ ಹನ್ನೊಂದರೊಳಗೆ ನಾಲ್ಕು ಗಾಡಿ ಎಬ್ಬಿಸಿದ್ದೆ. ಒಂದು ಶಾಲೆಯ ವ್ಯಾನು, ಎರಡು ಟ್ರ್ಯಾಕ್ಟರು, ಟೊಮೆಟೊ ತುಂಬಿ ಮಾರ್ಕೆಟ್ಟಿಗೆ ಹೊರಟಿದ್ದ ಒಂದು ಪಿಕಪ್ಪು. ಪ್ರತಿ ಸಲವೂ ಸುತ್ತ ನಾಲ್ಕು ಜನ ನಿಂತು 'ಇಷ್ಟ್ರಲ್ಲೇ ಆಗೋಯ್ತಾ' ಎಂದು ಬಾಯಿ ಬಿಟ್ಟು ನೋಡುತ್ತಾರೆ. ನನಗೆ ಅದು ಟೀಗಿಂತ ರುಚಿ. ಆ ಹೊತ್ತಿಗೆ ನನ್ನ ಗಮನಕ್ಕೆ ಬಾರದೆ ನಾಲ್ಕು ದೀಪದಲ್ಲಿ ಎರಡು ಆರಿದ್ದವು. ಅಂಗಡಿಗೆ ಬಂದವನು ಚಾರ್ಜಿಗೆ ಹಾಕಬೇಕಿತ್ತು. ಹಾಕಲಿಲ್ಲ, ಟೊಮೆಟೊ ಗಾಡಿಯ ಕತೆ ಹೇಳುತ್ತಾ ಕೂತೆ.

ಆಗ ಫೋನು ಬಂತು. ಪರಿಚಯದ ಗೂಡ್ಸ್ ಗಾಡಿ ಡ್ರೈವರ್. ನಮ್ಮವನೇ, ಮನೆಮಾತು ಕನ್ನಡ, ಆದರೆ ಗಾಬರಿಯಾದರೆ ತಮಿಳು ಮೊದಲು ಬರುತ್ತದೆ.

"ಅಣ್ಣಾ, ಸೀಕ್ರಂ ವಾಂಗ, ಬೇಗ ಬನ್ನಿ! ಮಂಜವಾಡಿ ಘಾಟ್‌ನಾಗೆ ಗಾಡಿ ನಿಂತೋಗೈತೆ. ಒಳಗೆ ಕುರಿ ಐತಣ್ಣಾ, ಮೂವತ್ತೆರಡು. ಬಾಯಿ ತಕ್ಕಂಡು ತೇಕ್ತಾ ಅವೆ."

ಆಯುಧಪೂಜೆ ಬರುವ ಈ ಪುರಟ್ಟಾಸಿ ತಿಂಗಳಲ್ಲಿ ಮಳೆ ಹಿಡಿದರೆ ಸರಿ, ಬಿಟ್ಟರೆ ಬಿಸಿಲು ಚಿತ್ರಾನ್ನದ ಒಗ್ಗರಣೆಯ ಹಾಗೆ ಸಿಡಿಯುತ್ತದೆ. ಆ ವಾರ ಮಳೆ ಬಿಟ್ಟಿತ್ತು. ನಾನು ಚೀಲ ಎತ್ತಿಕೊಂಡೆ. ಹೆಂಡತಿ ಒಳಗಿನಿಂದ ಬಂದಳು. ಬ್ಯಾಟರಿ ಚಾರ್ಜು ಮಾಡುವುದು, ನೀರು ತುಂಬುವುದು ಎಲ್ಲ ಅವಳದೇ ಕೈ.

"ಚಾರ್ಜ್ ಆಗಿರೋದು ಒಂದು ಐತೆ, ಅದ್ನೂ ಎತ್ಕಂಡೋಗಿ" ಅಂದಳು. "ಕುರಿ ಅಂತಾ ಅವ್ನೆ. ಜೀವ ಇರೋದು."

"ಇದು ಸಾಕು" ಅಂದೆ.

"ಎಷ್ಟು ಲೈಟ್ ಐತೆ ನೋಡಿದ್ರಾ?"

"ಏ, ಎಲ್ಲಾ ಐತೆ ಬುಡೆ."

ನೋಡಿರಲಿಲ್ಲ. ಹನ್ನೆರಡು ಕಿಲೋ ಭಾರದ ಬ್ಯಾಟರಿಯನ್ನು ಮತ್ತೆ ಮೊಪೆಡ್ಡಿನಲ್ಲಿ ಹೇರಿಕೊಂಡು ಹೋಗುವುದು ನನಗೆ ಹಿಂದಕ್ಕೆ ನಡೆದ ಹಾಗೆ ಅನ್ನಿಸಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಇದ್ದ ಕಾರಣ ಅದೊಂದೇ.

ಘಾಟಿಯ ತುದಿಗಿಂತ ಸ್ವಲ್ಪ ಕೆಳಗೆ ಒಂದು ತಿರುವಿನಲ್ಲಿ ಮುನಿಯಪ್ಪನ ಗುಡಿ ಇದೆ. ಗುಡಿ ಎಂದರೆ ಗೋಪುರವಿಲ್ಲ. ಕಲ್ಲಿನ ಕಾಂಪೌಂಡು, ಒಳಗೆ ಮೀಸೆ ಬಿಟ್ಟುಕೊಂಡು ಮಚ್ಚು ಹಿಡಿದು ಕೂತ ಆಳೆತ್ತರದ ಮುನಿಯಪ್ಪ, ಒಂದು ದೊಡ್ಡ ಹುಣಸೆ ಮರ, ಒಂದು ಸಿಮೆಂಟಿನ ನೀರಿನ ತೊಟ್ಟಿ. ರಸ್ತೆಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳ. ಆ ತಿರುವಿನಲ್ಲಿ ನೆರಳಿರುವುದು ಆ ಕಾಂಪೌಂಡಿನ ಒಳಗೆ ಮಾತ್ರ.

ಗಾಡಿ ಅದರ ಎದುರಿಗೇ ನಿಂತಿತ್ತು, ಮೂತಿ ಏರಿನ ಕಡೆಗೆ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು. ಕೆಟ್ಟು ನಿಂತದ್ದಲ್ಲ, ಡ್ರೈವರೇ ಆರಿಸಿದ್ದು. ಘಾಟಿ ಹತ್ತುವ ಡ್ರೈವರುಗಳು ಇಲ್ಲಿ ಎಂಜಿನ್ ಆರಿಸಿ, ಇಳಿದು, ಕರ್ಪೂರ ಹಚ್ಚಿ, ಆಮೇಲೆ ಮುಂದೆ ಹೋಗುತ್ತಾರೆ. ಎಂಜಿನ್ ಓಡುತ್ತಿರುವಾಗಲೇ ಕೈ ಮುಗಿದರೆ ಅದು ಕಾಟಾಚಾರದ ಲೆಕ್ಕ.

"ಬೆಳಗ್ಗೇನೇ ತಳ್ಳಿ ಸ್ಟಾರ್ಟ್ ಮಾಡಿದ್ದೆ ಅಂತೀಯ. ಆರಿಸಿದ್ರೆ ಮತ್ತೆ ಹಿಡಿಯಲ್ಲ ಅಂತ ಗೊತ್ತಿತ್ತಲ್ಲಾ ತಂಬಿ?" ಎಂದು ರೇಗಿದೆ.

"ದೇವ್ರ ಮುಂದೆ ಕಳ್ಳಾಟ ಆಡಾಕಾಗ್ತದಾ ಅಣ್ಣಾ?" ಅಂದ. ಅವನ ಜಾಗದಲ್ಲಿದ್ದರೆ ನಾನೂ ಆರಿಸುತ್ತಿದ್ದೆ.

ಕುರಿಗಳ ಒಡತಿ ಗಾಡಿಯ ಹಿಂಬದಿಗೆ ಹತ್ತಿ ನಿಂತು ಟಾರ್ಪಾಲನ್ನು ಬಿಚ್ಚಿ ಸುತ್ತುತ್ತಿದ್ದಳು. ಅರವತ್ತು ದಾಟಿದ, ಒಣಕಲು ದೇಹದ, ಎತ್ತರದ ಹೆಂಗಸು. ಇಲ್ಲಿ ಕುರಿಯವ್ವ ಎಂದೇ ಕರೆಯುತ್ತೇನೆ. ಸೇಲಂ ಕಡೆಯ ಹೊಲಗಳಲ್ಲಿ ಮಂದೆ ಹಾಕಿಕೊಂಡಿದ್ದವಳು ನಮ್ಮ ಕಡೆಯ ಹೊಲಗಳಿಗೆ ಹೊರಟಿದ್ದಳು. ಮೊದಲೆಲ್ಲ ಕುರಿ ಹೊಡೆದುಕೊಂಡು ನಡೆದೇ ಘಾಟಿ ದಾಟುತ್ತಿದ್ದರು. ಈಗ ಬಸ್ಸು ಲಾರಿಗಳ ನಡುವೆ ಅದು ಆಗದ ಮಾತು. ಅವಳಿಗೆ ಇದ್ದದ್ದೆಲ್ಲ ಆ ಗಾಡಿಯಲ್ಲಿತ್ತು, ಮೂವತ್ತೆರಡು ತಲೆ, ಒಂದಕ್ಕೊಂದು ಒತ್ತಿಕೊಂಡು, ನಾಲಗೆ ಹೊರಗೆ ಹಾಕಿಕೊಂಡು. ಪಕ್ಕೆಗಳು ಬಡಿದುಕೊಳ್ಳುತ್ತಿದ್ದವು. ಕುರಿ ಸದ್ದು ಮಾಡುತ್ತಿದ್ದರೆ ಚೆನ್ನಾಗಿದೆ ಎಂದರ್ಥ. ಇವು ಸದ್ದು ಮಾಡುತ್ತಿರಲಿಲ್ಲ.

"ಎಷ್ಟೊತ್ತಪ್ಪಾ?" ಎಂದು ಕೇಳಿದಳು.

"ಐದು ನಿಮಿಷ ಅವ್ವಾ" ಅಂದೆ. ಆ ಐದು ನಿಮಿಷದ ಮಾತನ್ನು ನಾನು ಇಂದಿಗೂ ಮರೆತಿಲ್ಲ.

ಬ್ಯಾಟರಿ ಇರುವುದು ಗಾಡಿಯ ಪಕ್ಕದಲ್ಲಿ, ಕುರಿ ನಿಲ್ಲುವ ಹಲಗೆಯ ಕೆಳಗೆ. ಮುಚ್ಚಳ ತೆಗೆದರೆ ಒಳಗೆ ನೋಡುವಂತಿರಲಿಲ್ಲ. ಹಲಗೆಯ ಸಂದಿನಿಂದ ಇಳಿದ ಕುರಿಯ ಉಚ್ಚೆ ಎರಡೂ ಕೇಬಲ್ಲನ್ನು ಒಂದೇ ಕಪ್ಪು ಮಾಡಿತ್ತು. ಬ್ಯಾಟರಿಯ ಮೇಲಿನ ಗುರುತು ಧೂಳು ಎಣ್ಣೆಯಲ್ಲಿ ಮುಚ್ಚಿಹೋಗಿತ್ತು. ಸೀರಿಯಲ್ ಲೈಟಿನ ವೈರು ಇನ್ನೂ ಅಲ್ಲೇ ಸುತ್ತಿಕೊಂಡಿತ್ತು. ಎರಡೂ ಟರ್ಮಿನಲ್ಲಿಗೂ ಗಂಧ ಮೆತ್ತಿ ಒಣಗಿತ್ತು, ಮುಂದಿನದಕ್ಕೆ ಕುಂಕುಮದ ದೊಡ್ಡ ಬೊಟ್ಟು.

ಮೀಟರ್ ಹಿಡಿದೆ. ಕೆಂಪು ಕಡ್ಡಿ ಕುಂಕುಮವಿದ್ದ ಕಡೆ, ಕಪ್ಪು ಕಡ್ಡಿ ಇನ್ನೊಂದು ಕಡೆ. ಸೊನ್ನೆ ಪಾಯಿಂಟ್ ಒಂಬತ್ತು. ಬ್ಯಾಟರಿ ಸತ್ತೇ ಹೋಗಿದೆ. ಹಾಗೇ ಕೆಂಪು ಕ್ಲಿಪ್ಪನ್ನು ಕುಂಕುಮದ ಟರ್ಮಿನಲ್ಲಿಗೆ ಕಚ್ಚಿಸಿದೆ, ಕಪ್ಪನ್ನು ಹಿಂದಿನದಕ್ಕೆ. ಪೆಟ್ಟಿಗೆ ಸುಮ್ಮನಿತ್ತು, ಹಸಿರಿಲ್ಲ, ಕೂಗಿಲ್ಲ. ನಿರೀಕ್ಷೆಯಂತೆಯೇ. ತಲೆಯ ಮೇಲೆ ದೀಪ ಎರಡೇ ಇರುವುದನ್ನು ಆಗ ನೋಡಿದೆ. ಎರಡು ಸಾಕು ಎಂದುಕೊಂಡು ಹೆಬ್ಬೆರಳನ್ನು ಬೂಸ್ಟ್ ಗುಂಡಿಯ ಮೇಲಿಟ್ಟೆ.

ತಲೆಯ ಮೇಲುಗಡೆ ಕುರಿಯವ್ವ ಡ್ರೈವರಿಗೆ ಹೇಳುತ್ತಿದ್ದಳು, ಗಬ್ಬದ ಕುರಿಯೊಂದನ್ನಾದರೂ ಗಾಳಿ ಬರುವ ಅಂಚಿಗೆ ಎಳೆ ಎಂದು. ಅವನು ಯಾವುದೋ ಒಂದನ್ನು ಎಳೆಯುತ್ತಿದ್ದ.

"ಅದಲ್ಲ ಲಾ!"

"ಗಬ್ಬದ್ದಕ್ಕೆ ಕೆಂಪು ಬಳಿದಿದ್ದೀನಿ ಅಂದ್ಯಲ್ಲಾ ಅತ್ತೆ? ಇದಕ್ಕೂ ಕೆಂಪು ಐತೆ."

"ಬಣ್ಣ ನೋಡ್ಬ್ಯಾಡ ಕಣ್ಲಾ. ಒತ್ಕಂಡು ನಿಂತ್ರೆ ಒಂದರದು ಇನ್ನೊಂದಕ್ಕೆ ಅತ್ಕಂತದೆ. ಬಣ್ಣ ಯಾರು ಬೇಕಾರೂ ಬಳೀಬೋದು. ಕಿವಿ ನೋಡು, ಎಡಗಿವಿ ಸೀಳಿರೋದು."

ನನ್ನ ಹೆಬ್ಬೆರಳು ಗುಂಡಿಯನ್ನು ಒತ್ತತೊಡಗಿತ್ತು. ಒಂದು ಎಣಿಸಿದ್ದೆ, ಎರಡಕ್ಕೆ ಹೋಗಿರಲಿಲ್ಲ. ಬೆರಳು ತಾನಾಗಿ ಮೇಲಕ್ಕೆ ಬಂತು. ಏಕೆ ಎಂದು ಕೂಡಲೇ ತಿಳಿಯಲಿಲ್ಲ. ಕೆಂಪು ಇದ್ದಲ್ಲಿ ಕೆಂಪು ಹಾಕಿದ್ದೆ. ಆ ಕೆಂಪು ಬಳಿದದ್ದು ಬ್ಯಾಟರಿ ಮಾಡಿದವನಲ್ಲ, ಪೂಜೆ ಮಾಡಿದ ಡ್ರೈವರ್.

ಎರಡೂ ಕ್ಲಿಪ್ಪು ಕಿತ್ತೆ. ಬ್ಯಾಟರಿಗೂ ಕಿವಿಗಳಿವೆ. ಪ್ಲಸ್ಸಿನ ಗುಬುಟು ಮೈನಸ್ಸಿಗಿಂತ ಒಂದು ಚೂರು ದಪ್ಪ. ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಗಂಧವನ್ನು ಉಗುರಿನಿಂದ ಕೆರೆದು ಎರಡನ್ನೂ ಮುಟ್ಟಿದೆ. ಕುಂಕುಮದ್ದು ತೆಳುವು. ಅದರ ಕೇಬಲ್ಲನ್ನು ಕೈಯಲ್ಲಿ ಹಿಡಿದು ಹೋದರೆ ಅದು ನೇರವಾಗಿ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಚಾಸಿಗೆ, ಬೋಲ್ಟ್ ಆಗಿತ್ತು; ಹಾಗೆ ಹೋಗುವುದು ಮೈನಸ್ ಕೇಬಲ್ಲು ಮಾತ್ರ. ಹೆಬ್ಬೆರಳಿನಿಂದ ಕುಂಕುಮ ಒರೆಸಿದರೆ ಕೆಳಗೆ ಅಡ್ಡ ಗೀಟು, ಮೈನಸ್. ಮತ್ತೆ ಮೀಟರ್ ನೋಡಿದೆ. ಮೊದಲ ಸಲ ಸೊನ್ನೆಯ ಎಡಗಡೆ ಒಂದು ಚಿಕ್ಕ ಅಡ್ಡ ಗೀಟು, ಕಡ್ಡಿ ಉಲ್ಟಾ ಎಂಬ ಗುರುತು, ಕಂಡಿತ್ತು, ಗಾಜಿನ ಮೇಲಿನ ಗೀರು ಎಂದುಕೊಂಡಿದ್ದೆ. ಮೀಟರ್ ಹೇಳಿತ್ತು, ನಾನು ಕೇಳಿರಲಿಲ್ಲ.

ಗುಂಡಿ ಇನ್ನೆರಡು ಸೆಕೆಂಡು ಒತ್ತಿದ್ದರೆ ಪೆಟ್ಟಿಗೆ ನನ್ನ ಕೈಯಲ್ಲೇ ಊದಿಕೊಂಡು ಬೆಂಕಿ ಹತ್ತುತ್ತಿತ್ತು. ನನ್ನ ಕೈ ಹೋದರೆ ನನ್ನ ಕರ್ಮ. ಅದರ ಒಂದು ಮೊಳ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಅವು. ಕಿತ್ತ ಕ್ಲಿಪ್ಪುಗಳನ್ನು ಒಂದಕ್ಕೊಂದು ತಾಗದಂತೆ ರಸ್ತೆಯ ಮೇಲೆ ದೂರ ದೂರ ಇಟ್ಟೆ.

"ಎನ್ನಾಚ್ಚಣ್ಣಾ?" ಏನಾಯಿತು ಎಂದು ಕೇಳುತ್ತ ಡ್ರೈವರ್ ಬಂದ.

"ಒಂದೇ ಕಡೆ ಯಾಕ್ಲಾ ಕುಂಕುಮ ಇಟ್ಟೆ?"

"ಮುಂದ್ಗಡೆ ಇರೋದಕ್ಕೆ ಇಟ್ಟೆ. ಒಂದು ಬೊಟ್ಟು ಸಾಕಲ್ವಾ? ಕ್ಲಾಂಪ್ ಬಿಚ್ಚಿ ಒಳಗೂ ಗಂಧ ಇಟ್ಟು ಆಮೇಲೆ ಟೈಟ್ ಮಾಡಿದ್ದೀನಣ್ಣಾ, ಚೆನ್ನಾಗಿರ್ಲಿ ಅಂತ."

ಅಲ್ಲಿಗೆ ಇನ್ನೊಂದು ಗುಟ್ಟೂ ತಿಳಿಯಿತು. ನಾಲ್ಕು ದಿನದಿಂದ ಎಂಜಿನ್ ಓಡುತ್ತಿದ್ದರೂ ಒಣಗಿದ ಗಂಧವನ್ನು ದಾಟಿ ಚಾರ್ಜು ಬ್ಯಾಟರಿಯೊಳಗೆ ಹೋಗಿರಲೇ ಇಲ್ಲ. ಬೈಯಬೇಕಿತ್ತು, ಆದರೆ ಬೈಯುವ ಯೋಗ್ಯತೆಯನ್ನು ಆಗತಾನೆ ಕಳೆದುಕೊಂಡಿದ್ದೆ.

ಸರಿಯಾಗಿ ಕ್ಲಿಪ್ಪು ಹಾಕಿ, ಎರಡು ಸಲ ಮುಟ್ಟಿ ನೋಡಿ, ಬೂಸ್ಟ್ ಒತ್ತಿ, "ಹೊಡಿ" ಅಂದೆ. ಸೆಲ್ಫ್ ಅರ್ಧ ಸುತ್ತು ಗುರ್ ಎಂದು ಎಳೆದು ನಿಂತಿತು. ಎರಡು ದೀಪ ಒಂದಾಯಿತು. ಪೆಟ್ಟಿಗೆ ಕೈಗೆ ಬಿಸಿಯಾಗಿ ತಾಗುತ್ತಿತ್ತು. ಇನ್ನೊಂದು ಸಲ ಹೊಡೆದರೆ ಆ ಒಂದೂ ಹೋಗುತ್ತದೆ, ಎಂಜಿನ್ ತಿರುಗುವುದಿಲ್ಲ. ನನಗೆ ಗೊತ್ತಿತ್ತು.

ನಿಜ ಹೇಳುವುದೇ ಸರಿ ಅನ್ನಿಸಿತು. "ಅವ್ವಾ, ತಪ್ಪು ನಂದು" ಅಂದೆ. "ಪೆಟ್ಟಿಗೆ ಚಾರ್ಜ್ ಮಾಡ್ದೆ ಬಂದೆ. ಬ್ಯಾಟ್ರಿ ತಗಂಡೋಗು ಅಂತ ಮನೇಲಿ ಹೇಳಿದ್ರು, ಕೇಳ್ಲಿಲ್ಲ. ಓಗಿ ತರ್ಬೇಕು ಅಂದ್ರೆ ಒಂದು ಗಂಟೆ."

"ಒಂದು ಗಂಟೆ ಇವು ತಡಿಯಲ್ಲಪ್ಪಾ" ಅಂದಳು. ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪವಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟು ಹೊತ್ತೂ ನನ್ನ ತಲೆಯಲ್ಲಿದ್ದದ್ದು ಒಂದೇ, ಗಾಡಿ ಎಬ್ಬಿಸಬೇಕು. ಫೋನು ಬಂದದ್ದು ಗಾಡಿಗೆ, ನಾನು ಬಂದದ್ದು ಗಾಡಿಗೆ. ಆದರೆ ಸಾಯುತ್ತಿದ್ದದ್ದು ಗಾಡಿಯಲ್ಲ. ಗಾಡಿ ಅಲ್ಲೇ ಒಂದು ವಾರ ನಿಂತರೂ ಅದಕ್ಕೇನೂ ಆಗುವುದಿಲ್ಲ. ಕ್ಲಿಪ್ಪುಗಳನ್ನು ಬಿಚ್ಚಿ ಪೆಟ್ಟಿಗೆಯನ್ನು ಕಾಂಪೌಂಡಿನ ನೆರಳಿಗೆ ಇಟ್ಟು ಬಂದೆ. "ಮೊದ್ಲು ಕುರಿ ಇಳಿಸಾಣ" ಅಂದೆ.

ಡ್ರೈವರ್ ಹೆದರಿದ. ತಿರುವಿನಲ್ಲಿ ಒಂದು ಕುರಿ ರಸ್ತೆಗೆ ನುಗ್ಗಿದರೆ ಮೂವತ್ತೆರಡೂ ನುಗ್ಗುತ್ತವೆ, ಕೆಳಗಿನಿಂದ ಬಸ್ಸು ಬಂದರೆ ಮುಗಿಯಿತು. ಕುರಿಯವ್ವ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಸೀಳುಗಿವಿಯ ಗಬ್ಬದ ಕುರಿಯನ್ನು ಮೊದಲು ಇಳಿಸಿ, ಅದರ ಕತ್ತಿನಡಿ ಕೈಯಿಟ್ಟು ಗುಡಿಯ ಅಂಗಳಕ್ಕೆ ನಡೆಸಿಕೊಂಡು ಹೋದಳು. ನಾಲಗೆಯನ್ನು ಅಂಗುಳಕ್ಕೆ ಹೊಡೆದು ಒಂದು ಸದ್ದು ಮಾಡಿದಳು. ಉಳಿದವು ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿಕೊಂಡು, ನಾವಿಬ್ಬರು ಮಾಡಿದ ಗೋಡೆಯ ನಡುವೆ, ಸಾಲಾಗಿ ಒಳಗೆ ಹೋದವು. ರಸ್ತೆಯ ಕಡೆ ಒಂದೂ ತಿರುಗಿ ನೋಡಲಿಲ್ಲ.

ನೆರಳು ಸಿಕ್ಕಿತು, ಆದರೆ ಕೆಲವು ನಿಲ್ಲಲಾರದೆ ಮಂಡಿಯೂರಿದವು. ಗಬ್ಬದ್ದು ಮಗ್ಗುಲಾಗಿ ಮಲಗಿಬಿಟ್ಟಿತು. ತೊಟ್ಟಿಯ ನೀರನ್ನು ಬೊಗಸೆಯಲ್ಲಿ ಕುಡಿಸಿದಳು, ಅದು ನುಂಗಲಿಲ್ಲ. ಡ್ರೈವರ್ ಅಲ್ಲಿದ್ದ ಬಕೆಟ್ಟಿಗೆ ನೀರು ತುಂಬಿಕೊಂಡು ಬಂದು ಇನ್ನೇನು ಅದರ ಮೈಮೇಲೆ ಸುರಿಯಬೇಕು, ಕುರಿಯವ್ವ ಅವನ ಕೈ ಹಿಡಿದುಬಿಟ್ಟಳು.

"ನೀರು ಉಯ್ಯಬ್ಯಾಡ. ಇಲ್ಲಿ ಬ್ಯಾಡ."

ನನಗೂ ಆಗಲೇ ಹೊಳೆದದ್ದು. ನಮ್ಮ ಕಡೆ ಮುನಿಯಪ್ಪನಿಗೆ ಕುರಿಯನ್ನು ಬಲಿ ಒಪ್ಪಿಸುವಾಗ ಅವನ ಎದುರು ನಿಲ್ಲಿಸಿ ಮೈಮೇಲೆ ನೀರು ಹಾಕುತ್ತಾರೆ. ಕುರಿ ಮೈ ಕೊಡವಿದರೆ ದೇವರ ಒಪ್ಪಿಗೆ ಸಿಕ್ಕಿತು ಎಂದು ಲೆಕ್ಕ, ತಮಿಳಿನಲ್ಲಿ 'ಉತ್ತರವು', ಅಂದರೆ ಅಪ್ಪಣೆ, ಬಂತು ಎನ್ನುತ್ತಾರೆ. ಅಪ್ಪಣೆ ಬಂದ ಮೇಲೆ ಆ ಕುರಿ ಸಾಕಿದವರದಲ್ಲ, ಅವನದು. ನೀರು ಬಿದ್ದರೆ ಯಾವ ಕುರಿ ತಾನೇ ಮೈ ಕೊಡವುವುದಿಲ್ಲ? ಇವಳು ಮೂವತ್ತೆರಡನ್ನೂ ಅವನ ಕಣ್ಣೆದುರಿಗೆ ತಂದು ನಿಲ್ಲಿಸಿದ್ದಳು.

"ಅತ್ತೆ, ಅದೆಲ್ಲಾ ಒಣ್ಣುಂ ಆಗಾದು, ಉಯ್ಯಾಣ" ಅಂದ ಡ್ರೈವರ್. ಏನೂ ಆಗುವುದಿಲ್ಲ ಎಂದು ಧೈರ್ಯದ ಮಾತಾಡಿದನಾದರೂ ಬಕೆಟ್ಟನ್ನು ಕೆಳಗಿಟ್ಟಿದ್ದ.

ಅವಳು ಕುರಿಯ ಪಕ್ಕೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂತಳು. ಒಳಗಿನ ಮರಿ ಅಲ್ಲಾಡುತ್ತಿದೆಯೋ ಎಂದು ನೋಡುತ್ತಿದ್ದಳೋ ಏನೋ. ಆಮೇಲೆ ಎದ್ದು ನಿಂತಳು. ಕೈ ಮುಗಿಯಲಿಲ್ಲ. ಪಕ್ಕದ ಹೊಲದವನ ಜತೆ ಬದುವಿನ ವಿಷಯ ಮಾತಾಡುವಂತೆ ಮುನಿಯಪ್ಪನ ಮುಖ ನೋಡಿ ಮಾತಾಡಿದಳು.

"ಮುನಿಯಪ್ಪಾ, ಕೇಳು. ಇದು ನಿನ್ನ ಕೇಳಾಕೆ ಉಯ್ಯೋ ನೀರಲ್ಲ. ಬಿಸಿಲಿಗೆ ಉಯ್ಯೋ ನೀರು. ನಿಂಗೆ ಕೊಡೋ ವರ್ಸ ನಾನೇ ತಂದು ಕೊಟ್ಟಿದ್ದೀನಿ, ಯಾವತ್ತೂ ತಪ್ಪಿಸಿಲ್ಲ. ಇವತ್ತು ನಿನ್ನ ಬಾಗ್ಲಿಗೆ ನೆಳ್ಳಿಗೆ ಬಂದಿದ್ದೀವಿ. ನೆಳ್ಳಿಗೆ ಬಂದೋರ್ನ ಹಿಡ್ಕಂಡ್ರೆ ನಿನ್ನ ಮರ್ವಾದೇನೇ ಓಯ್ತದೆ."

ಹೀಗೆಂದು ಕಣ್ಣು ಮುಚ್ಚಿದಳು. "ಉಯ್ಯಿ ಲಾ" ಅಂದಳು. ಡ್ರೈವರೂ ಮುಖ ಒಂದು ಕಡೆಗೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಬಕೆಟ್ಟು ಬಗ್ಗಿಸಿದ. ಅರ್ಧ ನೀರು ಅವನ ಕಾಲ ಮೇಲೆಯೇ ಬಿತ್ತು.

ಆ ಹೊತ್ತಿಗೆ ನಾನು ಗಾಡಿಯ ಬಳಿ ಕೆಲಸಕ್ಕೆ ಮರಳಿದ್ದೆ. ಹತ್ತು ಹೆಜ್ಜೆ ದೂರ, ಮಧ್ಯೆ ಸೊಂಟದೆತ್ತರದ ಗೋಡೆ.

ಕುರಿ ಇಳಿದ ಮೇಲೆ ಗಾಡಿ ಹಗುರವಾಗಿತ್ತು. ಹಿಂದಕ್ಕೆ ಉರುಳಿಸಿ ರಿವರ್ಸ್ ಗೇರಿನಲ್ಲಿ ಎಬ್ಬಿಸಬಹುದು. ನಾನು ಬರುವ ಮೊದಲು ಡ್ರೈವರ್ ಹಾಗೆ ಒಂದು ಸಲ ಪ್ರಯತ್ನಿಸಿದ್ದನಂತೆ. ಭಾರದಲ್ಲಿ ಬ್ರೇಕು ಹಿಡಿಯದೆ ಹೆದರಿ ನಿಲ್ಲಿಸಿದ್ದ, ಎಂಜಿನ್ನೂ ಕೆಮ್ಮಿರಲಿಲ್ಲ. ಹೇಗೆ ಕೆಮ್ಮುತ್ತದೆ? ಈ ಎಂಜಿನ್ನಿನ ಡೀಸೆಲ್ ಪಂಪಿನ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಕವಾಟವಿದೆ, ಕರೆಂಟು ಬಂದರೆ ಮಾತ್ರ ತೆರೆಯುತ್ತದೆ. ಬೆಳಿಗ್ಗೆ ಬ್ಯಾಟರಿಯಲ್ಲಿ ಅಷ್ಟಾದರೂ ಉಳಿದಿತ್ತು, ತಳ್ಳಿದಾಗ ಹಿಡಿಯಿತು. ಈಗ ಅದೂ ಇಲ್ಲ. ಆ ಕವಾಟಕ್ಕೆ ಬೇಕಾದ ಕರೆಂಟು ತೀರಾ ಸ್ವಲ್ಪ. ನನ್ನ ಪೆಟ್ಟಿಗೆಯ ಒಂದು ದೀಪಕ್ಕೆ ಎಂಜಿನ್ ತಿರುಗಿಸುವ ಶಕ್ತಿಯಿಲ್ಲ, ಆದರೆ ಒಂದು ಚಿಕ್ಕ ಬಾಗಿಲು ತೆರೆಯುವಷ್ಟು ಇದೆ. ತಿರುಗಿಸುವ ಕೆಲಸವನ್ನು ಇಳಿಜಾರು ಮಾಡಲಿ.

ಸತ್ತ ಬ್ಯಾಟರಿಯನ್ನು ಜತೆಗಿಟ್ಟರೆ ಇದ್ದಷ್ಟನ್ನೂ ಅದೇ ಕುಡಿದುಬಿಡುತ್ತದೆ. ಆದ್ದರಿಂದ ಸೀರಿಯಲ್ ಲೈಟಿನ ವೈರು ಕಿತ್ತು ಹಾಕಿ, ಬ್ಯಾಟರಿಯ ಎರಡೂ ಕ್ಲಾಂಪು ಬಿಚ್ಚಿದೆ. ಉಪ್ಪುಕಾಗದದಲ್ಲಿ, ಅದೇ ಸ್ಯಾಂಡ್‌ಪೇಪರಿನಲ್ಲಿ, ಒಳಗಿನ ಗಂಧವನ್ನೆಲ್ಲ ಉಜ್ಜಿ ಸೀಸ ಹೊಳೆಯುವಂತೆ ಮಾಡಿದೆ. ಕ್ಲಾಂಪು ಬಿಚ್ಚಿಕೊಂಡು ಬಂದಾಗ, ನೀರು ಬಿದ್ದ ಸದ್ದಿಗೆ, ಒಮ್ಮೆ ತಲೆಯೆತ್ತಿದೆ. ಗೋಡೆಯಾಚೆ ನೋಡಿದೆ. ನೋಡಿ ಮತ್ತೆ ತಲೆ ತಗ್ಗಿಸಿದೆ.

ಅರ್ಧ ಗಂಟೆ ಕಾದೆವು. ಪೆಟ್ಟಿಗೆ ತಣ್ಣಗಾಯಿತು. ಕೇಬಲ್ಲುಗಳಿಗೆ ಅದರ ಕ್ಲಿಪ್ಪು ಹಾಕಿ, ಪೆಟ್ಟಿಗೆಯನ್ನು ನನ್ನ ಟವೆಲ್ಲಿನಿಂದ ಚಾಸಿಗೆ ಬಿಗಿದು ಕಟ್ಟಿದೆ. ಎರಡನೇ ಸಂಸಾರಕ್ಕೆ ಇಂಥ ಗತಿ ಬರುತ್ತದೆ ಎಂದುಕೊಂಡಿರಲಿಲ್ಲ. ಕೆಳಗಿನ ತಿರುವಿನಲ್ಲಿ ಬರುವ ಗಾಡಿಗಳನ್ನು ಯಾರಾದರೂ ತಡೆಯಬೇಕಿತ್ತು. ಕುರಿಯವ್ವ ಕೋಲು ಹಿಡಿದು ಹೋಗಿ ರಸ್ತೆಯ ನಡುವೆ ಅಡ್ಡ ನಿಂತಳು. ಒಂದು ಬಸ್ಸು ಬಂತು, ಹಾರ್ನ್ ಹೊಡೆಯಿತು. ಇವಳು ಕೋಲನ್ನು ಅಡ್ಡ ಹಿಡಿದು, ಕುರಿಗೆ ಹೇಳುವಂತೆ "ಊಂ" ಅಂದಳು. ಬಸ್ಸು ನಿಂತಿತು.

ಗುಂಡಿ ಒತ್ತಿದೆ. ಒಂದು, ಎರಡು, ಮೂರು. ಇನ್ನು ಇರುವುದು ಅರ್ಧ ನಿಮಿಷ. ಕಲ್ಲನ್ನು ಒದ್ದು, "ಬುಡು!" ಎಂದು ಕೂಗಿದೆ. ಗಾಡಿ ಹಿಂದಕ್ಕೆ ಉರುಳಿತು, ನಾನು ಪಕ್ಕದಲ್ಲಿ ಓಡಿದೆ, ಐದು ಹೆಜ್ಜೆ, ಹತ್ತು ಹೆಜ್ಜೆ. ಅವನು ಕ್ಲಚ್ ಬಿಟ್ಟ. ಗಾಡಿ ಮುಗ್ಗರಿಸಿತು, ಕರ್ರನೆ ಹೊಗೆ ಉಗುಳಿತು, ಸತ್ತಿತು ಅಂದುಕೊಂಡೆ. ಆಮೇಲೆ ಎಂಜಿನ್ ತಾನಾಗಿ ಉಸಿರು ಹಿಡಿಯಿತು. ನಾನು ಬ್ಯಾಟರಿಯ ಕ್ಲಾಂಪುಗಳನ್ನು ಕೂರಿಸಿ, ಪ್ಲಸ್ಸು ಪ್ಲಸ್ಸಿಗೆ, ಮೈನಸ್ಸು ಮೈನಸ್ಸಿಗೆ, ಬೆರಳಿನಿಂದ ಮುಟ್ಟಿ ಮುಟ್ಟಿ ಬಿಗಿಮಾಡಿದೆ. ಕೊನೆಗೆ ಪೆಟ್ಟಿಗೆಯ ಕ್ಲಿಪ್ಪು ತೆಗೆದೆ. ಅದರ ತಲೆಯ ಮೇಲೆ ಒಂದು ದೀಪವೂ ಇರಲಿಲ್ಲ.

ಈಗ ನಾನು ಯಾವ ಬ್ಯಾಟರಿಗೂ ಮೊದಲು ಬಟ್ಟೆ ಹಾಕಿ ಗಂಧ ಕುಂಕುಮ ಒರೆಸಿ, ಗುಬುಟು ಮುಟ್ಟಿ ನೋಡಿ, ಆಮೇಲೆ ಕ್ಲಿಪ್ಪು ಹಾಕುತ್ತೇನೆ. ಘಾಟಿ ಕಡೆ ಹೋಗುವಾಗ ಮೊಪೆಡ್ಡಿನ ಕಾಲಿನ ಬಳಿ ತುಂಬಿದ ಬ್ಯಾಟರಿಯೂ ಇರುತ್ತದೆ. ಹೆಂಡತಿ ನೋಡಿ ನಗುತ್ತಾಳೆ. ಅದು ಇರಲಿ.

ಕುರಿಗಳನ್ನು ಮತ್ತೆ ಹತ್ತಿಸಿದೆವು. ಕುರಿಯವ್ವ ಒಂದೊಂದರ ಕಿವಿ ಮುಟ್ಟಿ ಎಣಿಸಿದಳು. ಮೂವತ್ತೆರಡೂ ಇದ್ದವು, ಮೂವತ್ತೆರಡೂ ನಿಂತಿದ್ದವು, ಒಂದೆರಡು ಅರಚುತ್ತಲೂ ಇದ್ದವು. ಗಬ್ಬದ್ದನ್ನು ಮುಂದೆ ಕ್ಯಾಬಿನ್ನಿನಲ್ಲಿ ತನ್ನ ಕಾಲ ಬಳಿ ಹಾಕಿಸಿಕೊಂಡಳು. ಡ್ರೈವರ್ ಟಾರ್ಪಾಲಿನ ಹಗ್ಗ ಕಟ್ಟಲು ಹಿಂದೆ ಹೋದಾಗ ನನ್ನನ್ನು ಹತ್ತಿರ ಕರೆದಳು.

"ಅಪ್ಪಾ, ನೀರು ಉಯ್ದಾಗ ನಾನು ಕಣ್ಣು ಮುಚ್ಕಂಡಿದ್ದೆ. ಅವ್ನೂ ಮುಚ್ಕಂಡಿದ್ನಂತೆ. ನೀನು ಈ ಕಡೆ ಇದ್ಯಲ್ಲಾ. ಯಾವ್ದಾರಾ ಮೈ ಕೊಡವ್ತಾ?"

ಇಪ್ಪತ್ತು ವರ್ಷದಿಂದ ನಾನು ಮೀಟರ್ ತೋರಿಸಿದ್ದನ್ನು ತೋರಿಸಿದ ಹಾಗೆ ಹೇಳುವವನು. ಸತ್ತದ್ದನ್ನು ಸತ್ತಿದೆ ಎಂದು ಹೇಳಿ ಎಷ್ಟೋ ಜನರ ನಿಷ್ಠುರ ಕಟ್ಟಿಕೊಂಡಿದ್ದೇನೆ. ಕ್ಲಾಂಪು ಬಿಚ್ಚಿ ತಲೆಯೆತ್ತಿದಾಗ ನಾನು ಸ್ಪಷ್ಟವಾಗಿ ನೋಡಿದ್ದೆ. ಮಲಗಿದ್ದ ಗಬ್ಬದ ಕುರಿ ಮುಂಗಾಲೂರಿ ಎದ್ದು, ಮುನಿಯಪ್ಪನ ಎದುರಿಗೆ ನೇರವಾಗಿ ನಿಂತು, ಸೀಳುಗಿವಿಯಿಂದ ಬಾಲದವರೆಗೆ ಮೈಯೆಲ್ಲ ಕೊಡವಿತ್ತು. ಹನಿಗಳು ಅವನ ಪಾದದವರೆಗೂ ಹಾರಿದ್ದವು.

"ನೋಡ್ಲಿಲ್ಲ ಕಣವ್ವಾ" ಅಂದೆ. "ನಾನು ಬ್ಯಾಟ್ರಿ ನೋಡ್ತಾ ಇದ್ದೆ."

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ನನ್ನ ಹೆಗಲ ಮೇಲಿನಿಂದ ಗುಡಿಯ ಕಡೆ ನೋಡಿದಳು.

"ಅಂಗಾದ್ರೆ ಯಾರೂ ನೋಡಿಲ್ಲ, ಬುಡು" ಎಂದು ಕುರಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.